ಆ್ಯನ್ ಆರ್ಬರಿನ ಫುಟ್‌ಬಾಲ್ ಶನಿವಾರ: ಮೊದಲ ಸಲ ಹೋಗುವವರು ವಾರಾಂತ್ಯವನ್ನು ಹೀಗೆ ಜೋಡಿಸಿಕೊಳ್ಳಿ

ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ತವರು ಆ್ಯನ್ ಆರ್ಬರಿನ ಮಿಷಿಗನ್ ಸ್ಟೇಡಿಯಮ್. ಅದನ್ನು ರಸ್ತೆಯಿಂದ ನೋಡಿದರೆ ಗಾತ್ರ ಗೊತ್ತಾಗುವುದಿಲ್ಲ. 1927ರಲ್ಲಿ ಅದನ್ನು ನೆಲ ಅಗೆದು ಕಟ್ಟಿದರು. ಗೇಟು ದಾಟಿ ನಾಲ್ಕು ಹೆಜ್ಜೆ ಒಳಗಿಟ್ಟರೆ ನಿಮ್ಮ ಕಾಲಬುಡದಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ದೊಡ್ಡ ಕಲ್ಯಾಣಿಯೊಂದು ತೆರೆದುಕೊಳ್ಳುತ್ತದೆ. ನೀರು ಇರಬೇಕಾದ ಜಾಗದಲ್ಲಿ ಹಸಿರು ಮೈದಾನ, ಮೆಟ್ಟಿಲುಗಳ ತುಂಬ ಜನ. ಅಲ್ಲಿರುವುದು 1,07,601 ಆಸನ. ನಮ್ಮ ಚಿನ್ನಸ್ವಾಮಿ ಸ್ಟೇಡಿಯಮ್ಮಿನಂಥವು ಎರಡು ತುಂಬಿ ಮಿಗುವಷ್ಟು ಜನ ಒಂದೇ ಕಡೆ. ಆ್ಯನ್ ಆರ್ಬರ್ ಊರಿನ ಜನಸಂಖ್ಯೆಯೇ 1.2 ಲಕ್ಷದ ಆಸುಪಾಸು. ಅಂದರೆ ಪಂದ್ಯದ ದಿನ ಊರಿನೊಳಗೆ ಇನ್ನೊಂದು ಊರು ಬಂದು ಕೂತಿರುತ್ತದೆ.

ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಯೋಜನೆಯೆಲ್ಲ ತಾನಾಗಿ ಸರಿಹೋಗುತ್ತದೆ. ಡೆಟ್ರಾಯಿಟ್, ಷಿಕಾಗೊ, ಕ್ಲೀವ್‌ಲೆಂಡ್ ಕಡೆಯ ನಮ್ಮವರು ಎಷ್ಟೋ ಮಂದಿ ಮಕ್ಕಳು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಮೊದಲ ಸಲ ಈ ಪಂದ್ಯಕ್ಕೆ ಹೊರಡುತ್ತಾರೆ. ಸಿನಿಮಾಕ್ಕೆ ಹೋದ ಹಾಗೆ ಹೋಗಿಬರಬಹುದು ಅಂದುಕೊಂಡಿರುತ್ತಾರೆ. ಇದು ಸಿನಿಮಾದ ಹಾಗಲ್ಲ, ಊರ ತೇರಿನ ಹಾಗೆ. ತೇರಿನ ದಿನ ಊರಿಗೆ ಹೋಗುವವರು ಮಲಗಲು ಜಾಗ ಎಲ್ಲಿ, ಗಾಡಿ ಎಲ್ಲಿ ನಿಲ್ಲಿಸುವುದು, ವಯಸ್ಸಾದವರನ್ನು ಎಲ್ಲಿ ಕೂರಿಸುವುದು ಅಂತ ಮೊದಲೇ ಯೋಚಿಸುತ್ತಾರಲ್ಲ, ಇಲ್ಲೂ ಹಾಗೆಯೇ ಯೋಚಿಸಬೇಕು.

ನಾವು ಮೊದಲ ಸಲ ಹೋದಾಗ ಹಾಗೆ ಯೋಚಿಸಲಿಲ್ಲ. ಷಿಕಾಗೊ ಕಡೆಯಿಂದ ಶನಿವಾರ ಬೆಳಗ್ಗೆಯೇ ಹೊರಟೆವು. ಅಲ್ಲಿಗಿಂತ ಮಿಷಿಗನ್ ಗಡಿಯಾರ ಒಂದು ಗಂಟೆ ಮುಂದಿದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಿಂಡಿ, ನೀರು, ಸ್ವೆಟರ್ ತುಂಬಿದ ಬೆನ್ನುಚೀಲದೊಂದಿಗೆ ಗೇಟಿನವರೆಗೆ ಹೋದ ಮೇಲೆ ಚೀಲ ಒಳಗೆ ಬಿಡುವುದಿಲ್ಲ ಅಂದರು. ಕಾರು ಇದ್ದದ್ದು ಇಪ್ಪತ್ತೈದು ನಿಮಿಷದ ನಡಿಗೆಯ ದೂರದಲ್ಲಿ. ಹೋಗಿಬಂದು ಕೂರುವಷ್ಟರಲ್ಲಿ ಪಂದ್ಯದ ಎರಡನೇ ಭಾಗ ನಡೆಯುತ್ತಿತ್ತು. ಬ್ಯಾಂಡು ಮೈದಾನಕ್ಕಿಳಿಯುವುದನ್ನು, ಆಟಗಾರರು ಸುರಂಗದಿಂದ ಓಡಿಬರುವುದನ್ನು ನೋಡಲು ಮಕ್ಕಳು ಎರಡು ವಾರದಿಂದ ಕಾದಿದ್ದರು. ಅದು ಅವರಿಗೆ ತಪ್ಪಿಹೋಯಿತು. ನಿಮ್ಮ ಮಕ್ಕಳಿಗೆ ತಪ್ಪದಿರಲಿ ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಪಂದ್ಯ ಆರಿಸಿ

ಕಾಲೇಜು ಫುಟ್‌ಬಾಲ್ ನಡೆಯುವುದು ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ, ಬಹುತೇಕ ಶನಿವಾರಗಳಂದು. ಒಂದು ತಂಡಕ್ಕೆ ಹನ್ನೆರಡು ಪಂದ್ಯ. ಅದರಲ್ಲಿ ಏಳೋ ಎಂಟೋ ಮಾತ್ರ ತವರಿನಲ್ಲಿ. ಆದ್ದರಿಂದ ಯಾವುದೋ ಒಂದು ಶನಿವಾರ ಹೋದರಾಯಿತು ಅನ್ನುವ ಹಾಗಿಲ್ಲ. ವೇಳಾಪಟ್ಟಿ ತಿಂಗಳುಗಟ್ಟಲೆ ಮೊದಲೇ ಪ್ರಕಟವಾಗಿರುತ್ತದೆ, ಅದನ್ನು ಎದುರಿಗಿಟ್ಟುಕೊಂಡು ಕೂತುಕೊಳ್ಳಿ.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಊರಿನಿಂದ ಬಂದ ಅಪ್ಪ ಅಮ್ಮನನ್ನೋ ಚಿಕ್ಕ ಮಕ್ಕಳನ್ನೋ ಕರೆದೊಯ್ಯುವವರಿಗೆ, ಸೆಪ್ಟೆಂಬರಿನ ಪಂದ್ಯವೇ ಸೂಕ್ತ. ಆಗ ಎದುರಿಗೆ ಬರುವುದು ಹೆಚ್ಚಾಗಿ ಬೇರೆ ಒಕ್ಕೂಟದ ಸಣ್ಣ ತಂಡಗಳು. ಟಿಕೆಟ್ ಅಗ್ಗ, ಹವೆ ಬೆಚ್ಚಗೆ, ಗೆಲುವೂ ಬಹುಮಟ್ಟಿಗೆ ತವರಿನದೇ. ಮೈದಾನದ ಆಟ ಏಕಪಕ್ಷೀಯವಾದರೂ ಬ್ಯಾಂಡು, ಜನ, ಗದ್ದಲ ಒಂದೂ ಕಡಿಮೆಯಾಗುವುದಿಲ್ಲ. 1975ರ ನವೆಂಬರಿನಿಂದ ಇಲ್ಲಿ, ಕೋವಿಡ್‌ನ 2020 ಒಂದನ್ನು ಬಿಟ್ಟರೆ, ಪ್ರತಿ ಪಂದ್ಯಕ್ಕೂ ಲಕ್ಷಕ್ಕೆ ಮೀರಿ ಜನ ಸೇರಿದ್ದಾರೆ. ಸಣ್ಣ ತಂಡ ಬಂತೆಂದು ಸ್ಟೇಡಿಯಂ ಖಾಲಿ ಇರುವುದಿಲ್ಲ.

ಅಕ್ಟೋಬರ್ ನನ್ನ ಮೆಚ್ಚಿನ ತಿಂಗಳು. ಎಲೆ ಬಣ್ಣ ತಿರುಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಒಂದು ಜಾಕೆಟ್ ಸಾಕು. ಆದರೆ ಹಳೆಯ ವಿದ್ಯಾರ್ಥಿಗಳೆಲ್ಲ ವಾಪಸು ಬರುವ ಹೋಂಕಮಿಂಗ್ ವಾರ ಯಾವುದೆಂದು ನೋಡಿಕೊಳ್ಳಿ, ಆ ವಾರ ರೂಮು ಸಿಗುವುದು ಇನ್ನೂ ಕಷ್ಟ.

ಇನ್ನು ಎರಡು ಪಂದ್ಯಗಳ ಲೆಕ್ಕವೇ ಬೇರೆ. ಒಂದು ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯವಾದ ಮಿಷಿಗನ್ ಸ್ಟೇಟ್ ವಿರುದ್ಧದ್ದು. ಅದು ಅಣ್ಣತಮ್ಮಂದಿರ ಜಗಳ, ಸಮಸಂಖ್ಯೆಯ ವರ್ಷಗಳಲ್ಲಿ ಆ್ಯನ್ ಆರ್ಬರಿಗೆ ಬರುತ್ತದೆ. ಇನ್ನೊಂದು ನೆರೆರಾಜ್ಯದ ಒಹಾಯೊ ಸ್ಟೇಟ್ ವಿರುದ್ಧ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಶನಿವಾರ, ಬೆಸಸಂಖ್ಯೆಯ ವರ್ಷಗಳಲ್ಲಿ ಇಲ್ಲಿ. ಟಿಕೆಟ್ ದರ ಬೇರೆ ಪಂದ್ಯಗಳ ಹಲವು ಪಟ್ಟು ಇರುತ್ತದೆ, ಚಳಿ ಸೊನ್ನೆಯ ಹತ್ತಿರ ಇಳಿದಿರುತ್ತದೆ. ಒಮ್ಮೆಯಾದರೂ ನೋಡಬೇಕಾದ ಪಂದ್ಯ ಅದು, ಆದರೆ ಮೊದಲ ಸಲಕ್ಕಲ್ಲ.

ಟಿಕೆಟ್‌ಗಿಂತ ಮುಂಚೆ ರೂಮು

ಎಲ್ಲರೂ ಮೊದಲು ಟಿಕೆಟ್ ಕೊಳ್ಳುತ್ತಾರೆ. ನಾನು ಹೇಳುವುದು ತಿರುಗುಮುರುಗು. ಟಿಕೆಟ್ ಪಂದ್ಯದ ದಿನ ಬೆಳಗ್ಗೆಯೂ ಸಿಗುತ್ತದೆ, ರೂಮು ಸಿಗುವುದಿಲ್ಲ. ಲಕ್ಷ ಆಸನಗಳ ಪೈಕಿ ಬರಲಾಗದೆ ಮಾರುವವರು ಸಾವಿರಾರು ಮಂದಿ ಇರುತ್ತಾರೆ. ಹೋಟೆಲ್ಲಿನ ಮಂಚಗಳು ಹಾಗೆ ಮಾರುಕಟ್ಟೆಗೆ ಬರುವುದಿಲ್ಲ. ಪಂದ್ಯದ ವಾರಾಂತ್ಯಗಳಲ್ಲಿ ಆ್ಯನ್ ಆರ್ಬರಿನ ದರ ಎರಡು ಮೂರು ಪಟ್ಟಾಗುತ್ತದೆ, ಎಷ್ಟೋ ಕಡೆ ಎರಡು ರಾತ್ರಿಗೆ ಕಡಿಮೆ ಕೊಡುವುದೇ ಇಲ್ಲ.

ಆದ್ದರಿಂದ ಪಂದ್ಯ ಗೊತ್ತಾದ ದಿನವೇ, ಹಣ ಕಳೆದುಕೊಳ್ಳದೆ ರದ್ದುಮಾಡಬಹುದಾದ ರೂಮೊಂದನ್ನು ಹಿಡಿದಿಡಿ. ರದ್ದತಿಗೆ ಕೊನೆಯ ದಿನಾಂಕ ಯಾವುದೆಂದು ಫೋನಿನಲ್ಲಿ ಜ್ಞಾಪನೆ ಹಾಕಿಕೊಳ್ಳಿ. ಊರೊಳಗೆ ಸಿಗದಿದ್ದರೆ ಪಕ್ಕದ ಇಪ್ಸಿಲ್ಯಾಂಟಿ ನೋಡಿ. ಅಲ್ಲೂ ಇಲ್ಲದಿದ್ದರೆ ಕ್ಯಾಂಟನ್, ಲಿವೋನಿಯ, ನೋವೈ. ಈ ಮೂರೂ ಅರ್ಧ ಗಂಟೆಯ ಆಸುಪಾಸಿನ ದಾರಿ. ಕ್ಯಾಂಟನ್, ನೋವೈಗಳಲ್ಲಿ ನಮ್ಮವರು ಬಹಳ ಇದ್ದಾರೆ, ಇಡ್ಲಿ ದೋಸೆ ಸಿಗುವ ಜಾಗಗಳಿಗೂ ಕೊರತೆಯಿಲ್ಲ. ನಂಟರೋ ಸ್ನೇಹಿತರೋ ಅಲ್ಲಿದ್ದರೆ ಸಂಕೋಚಪಡದೆ ಕೇಳಿ. ಮಿಷಿಗನ್ನಿನ ಪಂಪ ಕನ್ನಡ ಕೂಟದಲ್ಲಿ ಪರಿಚಯದವರಿದ್ದರೆ ಊರಿನ ಒಳಸುಳಿ ಅವರಿಂದಲೇ ತಿಳಿಯುತ್ತದೆ.

ಟಿಕೆಟ್

ವಿಶ್ವವಿದ್ಯಾಲಯದ ಟಿಕೆಟ್ ಕಚೇರಿಯಲ್ಲಿ ಉಳಿದಿದ್ದರೆ ಅಲ್ಲೇ ಕೊಳ್ಳಿ. ಇಲ್ಲದಿದ್ದರೆ ಸ್ಟಬ್‌ಹಬ್, ಸೀಟ್‌ಗೀಕ್‌ನಂಥ ಮರುಮಾರಾಟದ ತಾಣಗಳು. ಶುಲ್ಕವೆಲ್ಲ ಸೇರಿದ ಒಟ್ಟು ಬೆಲೆ ನೋಡಿಕೊಂಡು ಆಮೇಲೆ ಹೋಲಿಸಿ. ಸಾಧಾರಣ ಎದುರಾಳಿಯ ಪಂದ್ಯಕ್ಕೆ ದಿನ ಹತ್ತಿರವಾದಂತೆ ಬೆಲೆ ಇಳಿಯುವುದುಂಟು. ದೊಡ್ಡ ಪಂದ್ಯಕ್ಕೆ ಆ ನಂಬಿಕೆಯಲ್ಲಿ ಕಾಯಬೇಡಿ. ವಿದ್ಯಾರ್ಥಿಗಳಿಗೆ ಮೀಸಲಾದ ಟಿಕೆಟನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ, ವಿದ್ಯಾರ್ಥಿಯಲ್ಲದವರನ್ನು ಅದರಲ್ಲಿ ಒಳಗೆ ಬಿಡುತ್ತಾರೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಹಣ ಕೊಡಿ.

ಆಸನ ಆರಿಸುವಾಗ ನಮ್ಮವರು ಮಾಡುವ ಸಾಮಾನ್ಯ ತಪ್ಪು ಮೈದಾನಕ್ಕೆ ಅಂಟಿಕೊಂಡ ಮುಂದಿನ ಸಾಲಿಗೆ ಹೆಚ್ಚು ಹಣ ಕೊಡುವುದು. ಈ ಬಟ್ಟಲಿನ ಇಳಿಜಾರು ಕಡಿದಾಗಿಲ್ಲ. ಮೊದಲ ಹತ್ತು ಸಾಲುಗಳಲ್ಲಿ ಕೂತವರಿಗೆ ಅಂಚಿನಲ್ಲಿ ನಿಂತ ಆಟಗಾರರ ಬೆನ್ನೇ ಅಡ್ಡ. ಐವತ್ತನೇ ಸಾಲಿನ ಆಚೀಚೆ ಕೂತರೆ ಇಡೀ ಆಟದ ಹಂದರ ಕಾಣುತ್ತದೆ. ಜೊತೆಗೆ ಇನ್ನೊಂದು ಅನುಕೂಲ. ಪ್ರವೇಶ ಇರುವುದು ಬಟ್ಟಲಿನ ಮೇಲ್ಭಾಗದಲ್ಲಿ. ಹಾಗಾಗಿ ಮೈದಾನಕ್ಕೆ ಹತ್ತಿರದ ಸಾಲಾದಷ್ಟೂ ಮೆಟ್ಟಿಲು ಹೆಚ್ಚು. ಮಂಡಿನೋವಿನವರಿದ್ದರೆ ಪ್ರವೇಶದ ಹತ್ತಿರದ ಸಾಲುಗಳೇ ಸರಿ. ಗಾಲಿಕುರ್ಚಿಯವರಿಗೆ ಬೇರೆ ಜಾಗವಿದೆ, ಅದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಬೇಕು.

ಮೈದಾನ ಉತ್ತರ ದಕ್ಷಿಣವಾಗಿದೆ. ಪೂರ್ವದ ಬದಿಯಲ್ಲಿ ಕೂತರೆ ಮಧ್ಯಾಹ್ನದ ಪಂದ್ಯದಲ್ಲಿ ಸೂರ್ಯ ನೇರ ಕಣ್ಣಿಗೆ. ಸೆಪ್ಟೆಂಬರಿನಲ್ಲಿ ಪಶ್ಚಿಮದ ಬದಿ ಒಳ್ಳೆಯದು. ನವೆಂಬರಿನಲ್ಲಿ ಅದೇ ಬಿಸಿಲು ಬೇಕೆನಿಸುತ್ತದೆ, ಆಗ ಪೂರ್ವ. ಉತ್ತರದ ತುದಿಯ ಕಡೆ ವಿದ್ಯಾರ್ಥಿಗಳಿರುತ್ತಾರೆ. ಅವರು ಪಂದ್ಯ ಮುಗಿಯುವವರೆಗೂ ಕೂರುವುದಿಲ್ಲ, ಅವರ ಪಕ್ಕದವರಿಗೂ ಕೂರಲು ಆಗುವುದಿಲ್ಲ.

ಕಿಕ್‌ಆಫ್ ಸಮಯ ಗೊತ್ತಾಗುವ ಮುನ್ನ ಏನನ್ನೂ ಬಿಗಿಯಬೇಡಿ

ಹೊರಗಿನಿಂದ ಬರುವವರಿಗೆ ಎಲ್ಲಕ್ಕಿಂತ ತೊಡಕಿನ ವಿಷಯ ಇದು. ದಿನಾಂಕ ವರ್ಷದ ಮೊದಲೇ ಗೊತ್ತು, ಗಂಟೆ ಮಾತ್ರ ಗೊತ್ತಿಲ್ಲ. ಯಾವ ಪಂದ್ಯ ಎಷ್ಟು ಹೊತ್ತಿಗೆ ಎಂದು ನಿರ್ಧರಿಸುವುದು ಟಿವಿಯವರು. ಕೆಲವು ಪಂದ್ಯಗಳ ಸಮಯ ಬೇಸಿಗೆಯಲ್ಲೇ ಪ್ರಕಟವಾಗುತ್ತದೆ. ಉಳಿದವುಗಳದು ಸಾಮಾನ್ಯವಾಗಿ ಹನ್ನೆರಡು ದಿನ ಮೊದಲು, ಕೆಲವೊಮ್ಮೆ ಬರೀ ಆರು ದಿನ ಮೊದಲು. ಮಧ್ಯಾಹ್ನ 12, 3:30, ಇಲ್ಲವೇ ರಾತ್ರಿ 7:30, ಈ ಮೂರರಲ್ಲಿ ಒಂದು ಇರಬಹುದು ಎಂದು ಲೆಕ್ಕ ಹಾಕಿ.

ಪಂದ್ಯಕ್ಕೆ ಮೂರೂವರೆ ಗಂಟೆ ಬೇಕು. ಹನ್ನೆರಡಕ್ಕೆ ಶುರುವಾದರೆ ನಾಲ್ಕರೊಳಗೆ ಮುಗಿದು ಸಂಜೆ ನಿಮ್ಮದಾಗುತ್ತದೆ, ಆದರೆ ಬೆಳಗ್ಗೆ ಆರಕ್ಕೆ ಏಳಬೇಕು. ಏಳೂವರೆಯದಾದರೆ ಇಡೀ ಹಗಲು ಊರು ಸುತ್ತಬಹುದು, ಆದರೆ ಕಾರು ತಲುಪುವಷ್ಟರಲ್ಲಿ ನಡುರಾತ್ರಿ. ಆ ಹೊತ್ತಿನಲ್ಲಿ ನಾಲ್ಕು ಗಂಟೆ ಡ್ರೈವ್ ಮಾಡಿ ಮನೆ ಸೇರುವ ಆಲೋಚನೆ ದಯವಿಟ್ಟು ಬೇಡ. ಆದ್ದರಿಂದ ಶುಕ್ರವಾರ ಸಂಜೆ ತಲುಪಿ ಭಾನುವಾರ ಹೊರಡುವ ಹಾಗೆ ಇಟ್ಟುಕೊಂಡರೆ ಸಮಯ ಯಾವುದೇ ಬಂದರೂ ಯೋಜನೆ ಮುರಿಯುವುದಿಲ್ಲ. ಶನಿವಾರ ಸಂಜೆಯ ವಿಮಾನ ಮಾತ್ರ ಖಂಡಿತ ತೆಗೆದುಕೊಳ್ಳಬೇಡಿ.

ದಾರಿ

ವಿಮಾನದಲ್ಲಿ ಬರುವವರು ಡೆಟ್ರಾಯಿಟ್ ಮೆಟ್ರೊದಲ್ಲಿ ಇಳಿಯಬೇಕು. ಅಲ್ಲಿಂದ ಆ್ಯನ್ ಆರ್ಬರ್ ಸುಮಾರು 40 ಕಿಲೋಮೀಟರ್. ಬಸ್ಸುಂಟು, ಉಬರ್ ಉಂಟು. ಷಿಕಾಗೊದಿಂದ ಕಾರಿನಲ್ಲಾದರೆ ಐ-94 ಹಿಡಿದು ಸುಮಾರು 240 ಮೈಲಿ, ನಾಲ್ಕು ಗಂಟೆ, ಅದಕ್ಕೆ ಕಳೆದುಹೋಗುವ ಆ ಒಂದು ಗಂಟೆ ಸೇರಿಸಿ. ಶುಕ್ರವಾರ ಐದಕ್ಕೆ ಆಫೀಸು ಬಿಟ್ಟು ಹೊರಟರೆ ಷಿಕಾಗೊದ ಟ್ರಾಫಿಕ್ಕೂ ಸೇರಿ ಹನ್ನೊಂದಕ್ಕೆ ಮುಂಚೆ ತಲುಪುವುದಿಲ್ಲ. ಅಷ್ಟು ತಡವಾಗುತ್ತದೆಂದು ಹೋಟೆಲ್ಲಿಗೆ ಮೊದಲೇ ಫೋನು ಮಾಡಿ ಹೇಳಿಬಿಡಿ.

ಷಿಕಾಗೊದವರಿಗೆ ರೈಲೂ ಇದೆ. ಆ್ಯಮ್‌ಟ್ರ್ಯಾಕ್‌ನ ವುಲ್ವರೀನ್ ರೈಲು ಆ್ಯನ್ ಆರ್ಬರಿನಲ್ಲಿ ನಿಲ್ಲುತ್ತದೆ, ಸುಮಾರು ನಾಲ್ಕೂವರೆ ಐದು ಗಂಟೆಯ ಪಯಣ. ತಂಡದ ಹೆಸರೂ ವುಲ್ವರೀನ್ಸ್ ಅನ್ನುವುದು ಮಕ್ಕಳಿಗೆ ಖುಷಿ ಕೊಡುತ್ತದೆ. ಕಾರಿಲ್ಲದ ವಿದ್ಯಾರ್ಥಿಗಳಿಗೆ ಇದೇ ಉತ್ತಮ. ಪಾರ್ಕಿಂಗ್‌ನ ತಲೆಬಿಸಿಯೂ ಇಲ್ಲ.

ಶುಕ್ರವಾರ ಸಂಜೆ

ಬೇಗ ತಲುಪಿದರೆ ಕ್ಯಾಂಪಸ್ಸಿನ ನಡುವಿನ ಡಯಾಗ್ ಅಂಗಳದಲ್ಲಿ ಒಂದು ಸುತ್ತು ಹಾಕಿ. ಅಲ್ಲಿ ನೆಲದಲ್ಲಿ ಹುದುಗಿಸಿದ ಹಿತ್ತಾಳೆಯ ದೊಡ್ಡ 'ಎಂ' ಇದೆ. ಹೊಸ ವಿದ್ಯಾರ್ಥಿಗಳು ಮೊದಲ ಪರೀಕ್ಷೆ ಬರೆಯುವ ಮುಂಚೆ ಅದನ್ನು ತುಳಿದರೆ ಫೇಲಾಗುತ್ತಾರೆ ಅನ್ನುವ ನಂಬಿಕೆಯಿಂದ ಎಲ್ಲರೂ ಬಳಸಿಕೊಂಡು ನಡೆಯುತ್ತಾರೆ. ಹತ್ತಿರದಲ್ಲೇ ಒಂದು ಮೂಲೆಯ ಮೇಲೆ ನಿಂತ ಬೃಹತ್ ಕಪ್ಪು ಘನಾಕೃತಿ ಇದೆ, ಭುಜ ಕೊಟ್ಟು ತಳ್ಳಿದರೆ ಅದು ನಿಧಾನಕ್ಕೆ ತಿರುಗುತ್ತದೆ. ಮಿಷಿಗನ್ ಯೂನಿಯನ್ ಕಟ್ಟಡದ ಮೆಟ್ಟಿಲುಗಳನ್ನೂ ನೋಡಿ. 1960ರ ಅಕ್ಟೋಬರ್ 14ರ ನಡುರಾತ್ರಿ ಎರಡು ಗಂಟೆಗೆ ಜಾನ್ ಕೆನಡಿ ಅಲ್ಲಿ ನಿಂತು, ಹೊರದೇಶಗಳಿಗೆ ಹೋಗಿ ದುಡಿಯಲು ನಿಮ್ಮಲ್ಲಿ ಎಷ್ಟು ಮಂದಿ ಸಿದ್ಧ ಎಂದು ವಿದ್ಯಾರ್ಥಿಗಳನ್ನು ಕೇಳಿದ್ದರು. ಪೀಸ್ ಕೋರ್ ಹುಟ್ಟಿದ್ದು ಆ ಪ್ರಶ್ನೆಯಿಂದ. ಆ ಸಂಸ್ಥೆಯ ಸ್ವಯಂಸೇವಕರು ಮುಂದೆ ಭಾರತದ ಹಳ್ಳಿಗಳಿಗೂ ಬಂದರು.

ಊಟಕ್ಕೆ, ಸಸ್ಯಾಹಾರಿಗಳಾದರೆ 1973ರಿಂದ ನಡೆಯುತ್ತಿರುವ 'ಸೇವಾ' ಇದೆ. ಹೆಸರು ನಮ್ಮದೇ ಪದ, ಅಡುಗೆ ಅವರದು, ಪೂರ್ತಿ ಸಸ್ಯಾಹಾರ. ಕಡಲೆಕಾಳಿನ ವಡೆಯಂಥ ಫಲಾಫೆಲ್ ಸಿಗುವ ಅಂಗಡಿಗಳು ಪೇಟೆಯಲ್ಲಿವೆ. 1982ರಲ್ಲಿ ಶುರುವಾದ ಝಿಂಗರ್ಮನ್ಸ್ ಡೆಲಿ ಊರಿನ ಹೆಮ್ಮೆ, ಅದರ ಬ್ರೆಡ್ಡಿಗಾಗಿಯೇ ಹೋಗಬಹುದು. ಪಂದ್ಯದ ದಿನ ಅಲ್ಲಿ ಸಾಲು ಉದ್ದವಿರುತ್ತದೆ, ಶುಕ್ರವಾರವೇ ಹೋಗಿಬನ್ನಿ.

ಬಟ್ಟೆಯ ವಿಚಾರ. ತವರಿನ ಬಣ್ಣ ಮೇಜ್ ಮತ್ತು ಬ್ಲೂ, ಅಂದರೆ ಮೆಕ್ಕೆಜೋಳದ ಹಳದಿ ಮತ್ತು ಕಡುನೀಲಿ. ತಂಡದ ಟೀಷರ್ಟು ಕೊಳ್ಳುವುದಾದರೆ ಮೈಯರ್, ಟಾರ್ಗೆಟ್‌ನಲ್ಲಿ ಅಗ್ಗ. ಕೊಳ್ಳದಿದ್ದರೂ ಮನೆಯಲ್ಲಿರುವ ಯಾವುದೇ ಹಳದಿ ಅಥವಾ ನೀಲಿ ಅಂಗಿ ಸಾಕು. ಹಸಿರು ಮಿಷಿಗನ್ ಸ್ಟೇಟಿನದು, ಕೆಂಪು ಒಹಾಯೊದವರದು. ನವೆಂಬರಿನಲ್ಲಿ ರಾಜ್ಯೋತ್ಸವದ ಶಾಲು ಹೊದ್ದು ಹೊರಡುವವರು ಇದನ್ನು ನೆನಪಿಡಿ, ಹಳದಿಯ ಪಕ್ಕದಲ್ಲೇ ಕೆಂಪಿರುತ್ತದೆ.

ಶನಿವಾರ ಬೆಳಗ್ಗೆ: ಕಾರು ನಿಲ್ಲಿಸಿ, ಬುತ್ತಿ ಬಿಚ್ಚಿ

ಸ್ಟೇಡಿಯಂ ಇರುವುದು ಮೇನ್ ಸ್ಟ್ರೀಟ್ ಮತ್ತು ಸ್ಟೇಡಿಯಂ ಬುಲೆವಾರ್ಡ್ ಸೇರುವಲ್ಲಿ. ಎದುರಿಗೆ ಪಯನೀರ್ ಹೈಸ್ಕೂಲು, ಅದರ ಅಂಗಳವೇ ದೊಡ್ಡ ಪಾರ್ಕಿಂಗ್. ಹತ್ತಿರದ ಗಾಲ್ಫ್ ಮೈದಾನದ ಹುಲ್ಲಿನ ಮೇಲೂ ಕಾರು ನಿಲ್ಲಿಸಲು ಬಿಡುತ್ತಾರೆ. ಸುತ್ತಲಿನ ಮನೆಗಳವರು ರಟ್ಟಿನ ಮೇಲೆ ದರ ಬರೆದು ಹಿಡಿದು, ತಮ್ಮ ಅಂಗಳದ ಹುಲ್ಲಿಗೆ ಕರೆಯುತ್ತಾರೆ. ಗೇಟಿಗೆ ಹತ್ತಿರವಾದಷ್ಟೂ ದುಬಾರಿ. ನನ್ನ ಆಯ್ಕೆ ಇಂಥ ಮನೆಯಂಗಳವೇ. ಆದರೆ ನಿಲ್ಲಿಸುವ ಮುಂಚೆ ಒಂದು ಮಾತು ಕೇಳಿ: ನಡುವೆ ಹೊರಡಬೇಕಾದರೆ ಕಾರು ತೆಗೆಯಲು ದಾರಿ ಇರುತ್ತದೆಯೇ? ಕೆಲವರು ಒಂದರ ಹಿಂದೆ ಒಂದು ಒತ್ತಿ ನಿಲ್ಲಿಸುತ್ತಾರೆ. ಚಿಕ್ಕ ಮಗು ಇದ್ದರೆ ಆ ಒತ್ತಿನಲ್ಲಿ ಸಿಕ್ಕಿಕೊಳ್ಳಬೇಡಿ. ಹಣವನ್ನು ನೋಟಿನಲ್ಲೇ ಇಟ್ಟುಕೊಂಡಿರಿ. ನಡೆಯಬಲ್ಲವರು ಪೇಟೆಯಲ್ಲಿ ಕಾರು ಬಿಟ್ಟು ಅರ್ಧ ಗಂಟೆ ನಡೆದರೂ ಸರಿ, ದಾರಿ ತಪ್ಪುವ ಭಯವಿಲ್ಲ, ಹಳದಿ ಅಂಗಿಗಳ ಹೊಳೆ ಹರಿಯುವ ಕಡೆಗೆ ಹರಿದರಾಯಿತು.

ಹನ್ನೆರಡರ ಪಂದ್ಯಕ್ಕೆ ಎಂಟರೊಳಗೆ ಕಾರು ನಿಂತಿರಬೇಕು. ಪಂದ್ಯಕ್ಕೆ ನಾಲ್ಕು ಗಂಟೆ ಮೊದಲು ಬಂದು ಏನು ಮಾಡುವುದು ಅನ್ನುತ್ತೀರಾ? ಟೈಲ್‌ಗೇಟ್. ಕಾರಿನ ಹಿಂಬಾಗಿಲು ತೆರೆದು, ಮಡಚುವ ಮೇಜು ಹಾಕಿ, ಒಲೆ ಹಚ್ಚಿ, ನಂಟರು ಸ್ನೇಹಿತರು ಸೇರಿ ಉಣ್ಣುವುದು. ತೇರಿಗೆ ಮುಂಚೆ ಮರದಡಿ ಬುತ್ತಿ ಬಿಚ್ಚುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಇದನ್ನು ಬಿಟ್ಟು ನೇರ ಗೇಟಿಗೆ ಹೋದವರು ಅರ್ಧ ಹಬ್ಬ ಕಳೆದುಕೊಂಡ ಹಾಗೆ.

ನಾವು ಒಯ್ಯುವುದು ಹಿಂದಿನ ರಾತ್ರಿ ಕಲಸಿದ ಪುಳಿಯೋಗರೆ, ಚಪಾತಿ ಮತ್ತು ಒಣ ಪಲ್ಯ, ಡಬ್ಬಿಯಲ್ಲಿ ಮೊಸರನ್ನ, ದೊಡ್ಡ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ. ಪುಟ್ಟದೊಂದು ಗ್ರಿಲ್ ಇದ್ದರೆ ಜೋಳದ ತೆನೆ ಸುಡಿ. ಉಪ್ಪು, ಖಾರದಪುಡಿ ಅದ್ದಿದ ನಿಂಬೆಹೋಳನ್ನು ಬಿಸಿ ತೆನೆಯ ಮೇಲೆ ತಿಕ್ಕಿದಾಗ ಏಳುವ ಆ ಘಮಕ್ಕೆ ಪಕ್ಕದ ಕಾರಿನವರು ತಾವಾಗಿ ಬರುತ್ತಾರೆ. ಕಳೆದ ಸಲ ಪಕ್ಕದ ಅಜ್ಜನೊಬ್ಬರು ಎರಡು ತೆನೆ ತಿಂದು, ತಮ್ಮ ಮೊಮ್ಮಗನ ಫುಟ್‌ಬಾಲನ್ನು ನನ್ನ ಮಗಳ ಕೈಗಿಟ್ಟು, ಬೆರಳುಗಳನ್ನು ಹೊಲಿಗೆಯ ಮೇಲೆ ಹೇಗೆ ಇಡಬೇಕೆಂದು ಕಾಲು ಗಂಟೆ ಹೇಳಿಕೊಟ್ಟರು. ಅವರು ಕೊಡುವ ತಿನಿಸನ್ನು ತೆಗೆದುಕೊಳ್ಳುವಾಗ ಸಸ್ಯಾಹಾರಿಗಳು ಕೇಳಿ ತಿನ್ನಿ. ಬರೀ ಕಾಳಿನ ಪಲ್ಯದಂತೆ ಕಾಣುವ ಬೇಕ್ಡ್ ಬೀನ್ಸ್‌ನಲ್ಲಿ ಹಂದಿಮಾಂಸ ಸೇರಿಸುವುದು ಇಲ್ಲಿ ಸಾಮಾನ್ಯ, ಚಿಲ್ಲಿ ಅನ್ನುವ ಖಾರದ ಗಟ್ಟಿಸಾರಿನಲ್ಲಿ ದನದ ಮಾಂಸ. ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಹೊಟ್ಟೆ ತುಂಬ ಇಲ್ಲೇ ತಿನ್ನಿ. ಮನೆಯ ಊಟವನ್ನು ಒಳಗೆ ಒಯ್ಯಲಾಗುವುದಿಲ್ಲ, ಒಳಗಿನ ಅಂಗಡಿಗಳಲ್ಲಿ ಸಾಲೂ ಉದ್ದ, ಬೆಲೆಯೂ ಹೆಚ್ಚು.

ಗೇಟಿನಲ್ಲಿ

ಚೀಲವನ್ನು ಕಾರಿನಲ್ಲೇ ಬಿಡಿ. ಬ್ಯಾಗಿನ ನಿಯಮ ಇಲ್ಲಿ ಬಹಳ ಬಿಗಿ. ವೈದ್ಯಕೀಯ ಕಾರಣಕ್ಕೋ ಕೂಸಿಗೋ ಸಾಮಾನು ಒಯ್ಯಲೇಬೇಕಾದವರು ಆ ವರ್ಷದ ನಿಯಮವನ್ನು ವಿಶ್ವವಿದ್ಯಾಲಯದ ಪುಟದಲ್ಲಿ ಓದಿಕೊಂಡು ಹೊರಡಿ. ಉಳಿದವರಿಗೆ ಫೋನು, ಕಾರ್ಡು, ಕೀಲಿ, ಜೇಬಿನಲ್ಲಿ ಹಿಡಿಯುವಷ್ಟು ಸಾಕು. ಕೊಡೆಯನ್ನೂ ಬಿಡುವುದಿಲ್ಲ. ಮಳೆಯ ಸೂಚನೆಯಿದ್ದರೆ ತೆಳು ಪ್ಲಾಸ್ಟಿಕ್ಕಿನ ಪಾಂಚೊ ಮಡಚಿ ಜೇಬಿಗಿಡಿ.

ಟಿಕೆಟ್ ಇರುವುದು ಫೋನಿನಲ್ಲಿ. ಲಕ್ಷ ಜನ ಒಂದೇ ಕಡೆ ಫೋನು ತೆಗೆದಾಗ ನೆಟ್‌ವರ್ಕ್ ಕುಸಿಯುತ್ತದೆ. ಹಾಗಾಗಿ ರೂಮಿನಲ್ಲಿರುವಾಗಲೇ ಟಿಕೆಟನ್ನು ಫೋನಿನ ವಾಲೆಟ್ಟಿಗೆ ಇಳಿಸಿಕೊಳ್ಳಿ, ಚಾರ್ಜ್ ಪೂರ್ತಿ ಮಾಡಿಕೊಳ್ಳಿ. ಎಲ್ಲರ ಟಿಕೆಟ್ಟೂ ಒಬ್ಬರ ಫೋನಿನಲ್ಲೇ ಇದ್ದರೆ ಎಲ್ಲರೂ ಒಟ್ಟಿಗೇ ಗೇಟು ದಾಟಬೇಕು. ಬೇರೆ ಬೇರೆಯಾದರೆ ಎಲ್ಲಿ ಸೇರುವುದು ಅಂತ ಮೊದಲೇ ಒಂದು ಗುರುತು ಹೇಳಿಟ್ಟುಕೊಳ್ಳಿ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಹೋಗಲಾಗದು ಎಂದೇ ಲೆಕ್ಕ ಹಾಕಿ.

ಕಿಕ್‌ಆಫ್‌ಗೆ ಮುಕ್ಕಾಲು ಗಂಟೆ ಮೊದಲು ನಿಮ್ಮ ಸಾಲಿನಲ್ಲಿರಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮೊದಲು ಬ್ಯಾಂಡು ಪೂರ್ವದ ಸುರಂಗದಿಂದ ಹೊರಚೆಲ್ಲಿ ಮೈದಾನದ ಅಡ್ಡಕ್ಕೂ ಉದ್ದಕ್ಕೂ ಹರಡುತ್ತದೆ. ಅದರ ಮುಖ್ಯಸ್ಥ ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿಸಿ ತಲೆಯನ್ನು ನೆಲಕ್ಕೆ ಮುಟ್ಟಿಸುತ್ತಾನೆ. ಆಮೇಲೆ ಆಟಗಾರರು ಓಡಿಬಂದು, ನಡುವೆ ಹಿಡಿದ ನೀಲಿ ಪತಾಕೆಯನ್ನು ಒಬ್ಬೊಬ್ಬರೂ ಹಾರಿ ಹಾರಿ ಮುಟ್ಟಿ ದಾಟುತ್ತಾರೆ. ಅವರ ಹೆಲ್ಮೆಟ್ಟಿನ ಮೇಲಿನ ಹಳದಿ ರೆಕ್ಕೆಯ ಚಿತ್ತಾರ 1938ರಿಂದ ಇದೆ. ಆ ಕೆಲವು ನಿಮಿಷ ಮೈ ಜುಮ್ಮೆನ್ನುತ್ತದೆ, ಆಟ ಗೊತ್ತಿಲ್ಲದವರಿಗೂ.

ಆಟ ಅರ್ಥಮಾಡಿಕೊಳ್ಳಲು ಇಷ್ಟು ಸಾಕು

ಹನ್ನೊಂದು ಹನ್ನೊಂದು ಜನರ ತಂಡ, ನೂರು ಗಜದ ಮೈದಾನ, ತಲಾ ಹದಿನೈದು ನಿಮಿಷದ ನಾಲ್ಕು ಭಾಗ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಅದನ್ನೇ ಡೌನ್ ಅನ್ನುವುದು. ಹತ್ತು ಗಜ ದಾಟಿದರೆ ಮತ್ತೆ ಹೊಸದಾಗಿ ನಾಲ್ಕು. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಅದಾದ ಮೇಲೆ ಒದ್ದು ಕಂಬಗಳ ನಡುವೆ ಕಳಿಸಿದರೆ ಇನ್ನೊಂದು. ಗೆರೆ ತಲುಪಲಾಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ ಮೂರು. ಕ್ರಿಕೆಟ್ಟಿನಲ್ಲಿ ಒಂದೊಂದು ಎಸೆತದ ನಡುವೆ ಬಿಡುವಿರುವ ಹಾಗೆ ಇಲ್ಲೂ ಪ್ರತಿ ಡೌನ್ ಮುಗಿದ ಮೇಲೆ ಬಿಡುವಿದೆ. ಅಪ್ಪ ಅಮ್ಮನಿಗೆ ವಿವರಿಸಲು ಆ ಬಿಡುವು ಬೇಕಾದಷ್ಟು.

ಯಾವಾಗ ಕೂಗಬೇಕು ಅನ್ನುವುದನ್ನೂ ತಿಳಿದಿರಿ. ಚೆಂಡು ತವರು ತಂಡದ ಕೈಯಲ್ಲಿದ್ದಾಗ ಜನ ಸುಮ್ಮನಿರುತ್ತಾರೆ, ಆಟಗಾರರಿಗೆ ತಮ್ಮ ನಾಯಕನ ಕೂಗು ಕೇಳಿಸಲಿ ಅಂತ. ಎದುರಾಳಿಯ ಮೂರನೇ ಡೌನ್ ಬಂದಾಗ ಎದ್ದು ನಿಂತು ಗಂಟಲು ಹರಿಯುವಂತೆ ಕೂಗುತ್ತಾರೆ, ಅವರಿಗೆ ಏನೂ ಕೇಳಿಸದಿರಲಿ ಅಂತ. ಹಾಫ್‌ಟೈಮ್ ಇಪ್ಪತ್ತು ನಿಮಿಷ. ಎಲ್ಲರೂ ಶೌಚಾಲಯಕ್ಕೆ ಓಡುವುದು ಆಗಲೇ, ಬ್ಯಾಂಡಿನ ಪ್ರದರ್ಶನ ಇರುವುದೂ ಆಗಲೇ. ಎರಡನೇ ಭಾಗ ಮುಗಿಯಲು ಐದು ನಿಮಿಷ ಇರುವಾಗ ಶೌಚಾಲಯಕ್ಕೆ ಹೋಗಿಬಂದುಬಿಡಿ.

ಆಸನವೆಂದರೆ ಬೆಂಚು. ಮೇಲೆ ಅಂಕಿ ಬರೆದಿರುತ್ತದೆ, ಎರಡು ಗೀಟುಗಳ ನಡುವಿನಷ್ಟು ಜಾಗ ನಿಮ್ಮದು. ನವೆಂಬರಿನಲ್ಲಿ ಎಲ್ಲರೂ ದಪ್ಪ ಜಾಕೆಟ್ ಹಾಕಿದಾಗ ಆ ಜಾಗಕ್ಕೆ ಒಬ್ಬರು ಹಿಡಿಸುವುದೇ ಕಷ್ಟ. ಚಳಿ ಮೇಲಿನಿಂದಲ್ಲ, ಬೆಂಚಿನಿಂದ ಮತ್ತು ಕಾಲ ಕೆಳಗಿನ ಕಾಂಕ್ರೀಟಿನಿಂದ ಏರುತ್ತದೆ. ಎರಡು ಜೊತೆ ಉಣ್ಣೆ ಕಾಲುಚೀಲ, ಒಳಗೊಂದು ಥರ್ಮಲ್, ಕಿವಿ ಮುಚ್ಚುವ ಟೋಪಿ, ಕೈ ಬೆಚ್ಚಗಿಡುವ ಪುಟ್ಟ ಪೊಟ್ಟಣಗಳು ಬೇಕು. ಸೆಪ್ಟೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ. ನೆರಳು ಕಡಿಮೆ ಇರುವ ಕಡೆ ಮೂರೂವರೆ ಗಂಟೆ ಬಿಸಿಲು, ಟೋಪಿ ಮತ್ತು ಸನ್‌ಸ್ಕ್ರೀನ್ ಮರೆಯಬೇಡಿ.

ಮುಗಿದ ಮೇಲೆ ಓಡಬೇಡಿ

ಆಟ ಮುಗಿದ ತಕ್ಷಣ ಲಕ್ಷ ಜನರೊಂದಿಗೆ ಹೊರಟರೆ ಕಾರು ಒಂದು ಗಂಟೆ ನಿಂತಲ್ಲೇ ನಿಲ್ಲುತ್ತದೆ. ಅದರ ಬದಲು ಕೂತಲ್ಲೇ ಕೂತು, ಖಾಲಿಯಾಗುವ ಬಟ್ಟಲಿನಲ್ಲಿ ಬ್ಯಾಂಡು ಮತ್ತೊಮ್ಮೆ ನುಡಿಸುವುದನ್ನು ಕೇಳಿ. ಆಮೇಲೆ ಕಾರಿಗೆ ಹೋಗಿ ಫ್ಲಾಸ್ಕಿನ ಉಳಿದ ಕಾಫಿ ಕುಡಿಯಿರಿ. ಉಬರ್ ಕರೆಯುವವರು ಮೊದಲು ಮುಕ್ಕಾಲು ಮೈಲಿ ಪೇಟೆಯ ಕಡೆ ನಡೆದು ಆಮೇಲೆ ಕರೆಯಿರಿ. ಸ್ಟೇಡಿಯಮ್ಮಿನ ಸುತ್ತ ರಸ್ತೆಗಳು ಮುಚ್ಚಿರುತ್ತವೆ, ದರವೂ ಏರಿರುತ್ತದೆ. ಐ-94 ಕಡೆಗೆ ಹೋಗುವ ಸ್ಟೇಟ್ ಸ್ಟ್ರೀಟನ್ನು ಆ ಹೊತ್ತಿನಲ್ಲಿ ನೆಚ್ಚಬೇಡಿ.

ಭಾನುವಾರ

ಬೆಳಗ್ಗೆ ಹ್ಯೂರಾನ್ ನದಿಯ ದಂಡೆಗೆ ಇಳಿಯುವ ನಿಕೋಲ್ಸ್ ಆರ್ಬೊರೇಟಮ್ಮಿನಲ್ಲಿ ಒಂದು ಗಂಟೆ ನಡೆಯಿರಿ, ಹಿಂದಿನ ದಿನದ ಗದ್ದಲ ಕಿವಿಯಿಂದ ಇಳಿಯುತ್ತದೆ. ಅಕ್ಟೋಬರಾದರೆ ಪಕ್ಕದ ಡೆಕ್ಸ್‌ಟರ್ ಊರಿನಲ್ಲಿ 1886ರಿಂದ ನಡೆಯುತ್ತಿರುವ ಸೈಡರ್ ಮಿಲ್ ಇದೆ. ಅಲ್ಲೇ ಹಿಂಡಿದ ಸೇಬಿನ ರಸ, ಬಿಸಿ ಡೋನಟ್. ಹಿರಿಯರು ಜೊತೆಗಿದ್ದರೆ ನೋವೈನ ಶ್ರೀ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ. ಮಕ್ಕಳಿದ್ದರೆ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್. 1955ರಲ್ಲಿ ರೋಸಾ ಪಾರ್ಕ್ಸ್ ತಮ್ಮ ಜಾಗ ಬಿಟ್ಟುಕೊಡಲು ಒಪ್ಪದೆ ಕೂತಿದ್ದ ಬಸ್ಸು ಅಲ್ಲಿದೆ. ಒಳಗೆ ಹತ್ತಿ ಆ ಸೀಟಿನಲ್ಲಿ ಕೂರಬಹುದು. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ಒಂದನ್ನು ಆರಿಸಿಕೊಳ್ಳಿ.

ಷಿಕಾಗೊ ಕಡೆಯವರು ಮಧ್ಯಾಹ್ನ ಎರಡಕ್ಕೆ ಹೊರಟರೂ ಅವಸರವಿಲ್ಲ. ಇಂಡಿಯಾನಾ ಗಡಿ ದಾಟುತ್ತಿದ್ದಂತೆ ಫೋನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ, ಸಂಜೆ ಐದೂವರೆಯೊಳಗೆ ಮನೆಯಲ್ಲಿರುತ್ತೀರಿ.